ಎಲ್ಲರ ಪುಟಕ್ಕೂ ನನ್ನದೇ ಬಣ್ಣ

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಟ್ಟೆಕಿಚ್ಚಿನ ಹೆಂಗಸು. ಮಡಿಕೇರಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷ ಇನ್‌ಸ್ಟ್ರಕ್ಟರ್ ಆಗಿದ್ದೆ. ನಿವೃತ್ತಿಯಾಗಿ ಎರಡು ವರ್ಷವಾಯಿತು, ಈಗ ಕುಶಾಲನಗರದ ಹತ್ತಿರ ನಮ್ಮ ಊರಿನಲ್ಲೇ ಇದ್ದೇನೆ. ಮೊನ್ನೆ ಅದೇ ಲ್ಯಾಬಿಗೆ ಹೊಸದಾಗಿ ಸೇರಿದ ಇಬ್ಬರು ಫೋನ್ ಮಾಡಿದರು. ಮಕ್ಕಳಿಗೆ ಸ್ವಂತ ವೆಬ್‌ಸೈಟ್ ಮಾಡುವುದನ್ನು ನೀವು ಹೇಗೆ ಹೇಳಿಕೊಡುತ್ತಿದ್ದಿರಿ, ಸ್ವಲ್ಪ ಬರೆದುಕೊಡಿ ಮೇಡಂ ಎಂದರು. ಅಲ್ಲಿ ನನ್ನ ಜೊತೆಗಿದ್ದ ದಮಯಂತಿ ಮೇಡಮ್ಮನ್ನು ಕೇಳಲಿಲ್ಲವೇ ಎಂದೆ. ಅವರು ರಜೆಯಲ್ಲಿದ್ದಾರೆ ಎಂದರು. ಸರಿ, ಹಾಗಾದರೂ ನನ್ನ ನೆನಪು ಬಂತಲ್ಲ ಎಂದು ಬರೆಯಲು ಕೂತಿದ್ದೇನೆ.

ಕೆಲಸ ದೊಡ್ಡದೇನಲ್ಲ. ಕೋಡ್ ಇಡುವುದಕ್ಕೆಂದೇ ಇರುವ ಒಂದು ತಾಣದಲ್ಲಿ ವಿದ್ಯಾರ್ಥಿ ಖಾತೆ ತೆರೆಯಬೇಕು. ಆ ಖಾತೆಯೊಳಗೆ ಕೋಡಿಗೆ ಒಂದು ಜಾಗ ಮಾಡಿಕೊಳ್ಳಬೇಕು. ಅದರ ಹೆಸರು ರೆಪೊಸಿಟರಿ, ಮಕ್ಕಳ ಬಾಯಲ್ಲಿ ರೆಪೊ. ರೆಪೊಗೆ ಖಾತೆಯ ಹೆಸರನ್ನೇ ಅಕ್ಷರ ತಪ್ಪದೆ ಇಟ್ಟು, ಕೊನೆಗೆ ಆ ತಾಣದವರು ಹೇಳಿದ ಬಾಲವನ್ನು ಸೇರಿಸಬೇಕು. ಒಳಗೆ ಇಂಡೆಕ್ಸ್ ಎಂಬ ಒಂದು ಫೈಲ್ ಹಾಕಿ, ಸೆಟ್ಟಿಂಗ್ಸ್‌ಗೆ ಹೋಗಿ ಪ್ರಕಟಿಸಲು ಹೇಳಿ, ಎರಡು ಮೂರು ನಿಮಿಷ ಕಾಯಬೇಕು. ಅಷ್ಟಾದರೆ ನಿಮ್ಮ ಹೆಸರಿನ ಪುಟ ಲೋಕಕ್ಕೆಲ್ಲ ಕಾಣುತ್ತದೆ.

ಬರೆದರೆ ಆರೇ ಸಾಲು, ಲ್ಯಾಬಿನಲ್ಲಿ ಮಾಡಿಸಲು ಮೂರು ಗಂಟೆ. ಹತ್ತು ಮಂದಿ ಪಾಸ್‌ವರ್ಡ್ ಮರೆತಿರುತ್ತಾರೆ. ಐದಾರು ಮಂದಿ ಇಂಡೆಕ್ಸಿನ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದು, ಪುಟ ಏಕೆ ಬರಲಿಲ್ಲ ಎಂದು ನನ್ನ ಮುಖ ನೋಡುತ್ತಾರೆ. ಒಬ್ಬನ ಓಟಿಪಿ ಅಮ್ಮನ ಫೋನಿಗೆ ಹೋಗಿರುತ್ತದೆ. ಅಮ್ಮ ತೋಟದಲ್ಲಿ ಕಾಫಿ ಕುಯ್ಯುತ್ತಿರುತ್ತಾಳೆ, ಅಲ್ಲಿ ಸಿಗ್ನಲ್ ಇರುವುದಿಲ್ಲ. ಇದಕ್ಕೆಲ್ಲ ತಾಳ್ಮೆ ಬೇಕು. ನನಗೆ ಅದು ಇತ್ತು. ದಮಯಂತಿಗೆ ನನಗಿಂತ ಹೆಚ್ಚು ಇತ್ತು ಎಂದು ಕಾಲೇಜಿನಲ್ಲಿ ಹೇಳುತ್ತಾರೆ, ನಾನೇನೂ ಅಳೆದು ನೋಡಿಲ್ಲ.

ಇದೆಲ್ಲ ಬರುವ ಮುಂಚೆ ನಾವು ಪುಟಗಳನ್ನು ನೋಟ್‌ಪ್ಯಾಡಿನಲ್ಲಿ ಬರೆಸಿ ಫ್ಲಾಪಿಯಲ್ಲಿ ಇಡುತ್ತಿದ್ದೆವು. ಮಳೆಗಾಲದಲ್ಲಿ ಫ್ಲಾಪಿಗಳಿಗೆ ಬೂಷ್ಟು ಹಿಡಿಯುತ್ತಿತ್ತು. ನೆಟ್ ಇದ್ದದ್ದು ಆಫೀಸಿನ ಒಂದೇ ಕಂಪ್ಯೂಟರಿಗೆ. ಆಗಿನ ಪ್ರಿನ್ಸಿಪಾಲರು ಶಿಸ್ತಿನ ಮನುಷ್ಯ. ವಿದ್ಯಾರ್ಥಿಗಳು ಮಾಡಿದ ವೆಬ್‌ಸೈಟುಗಳನ್ನು ತೋರಿಸುತ್ತೇನೆ ಸಾರ್ ಎಂದು ಕರೆದರೆ, ಎಲ್ಲವನ್ನೂ ಪ್ರಿಂಟ್ ತೆಗೆದು ಸ್ಪೈರಲ್ ಬೈಂಡಿಂಗ್ ಮಾಡಿಸಿ ಟೇಬಲ್ ಮೇಲಿಡಿ ಎಂದರು. ಇಟ್ಟೆ. ಎರಡು ದಿನ ಬಿಟ್ಟು ಕರೆದು, ಪುಟಸಂಖ್ಯೆ ಇಲ್ಲ, ಮೇಲ್ವಿಚಾರಕರ ಸಹಿಗೆ ಜಾಗವಿಲ್ಲ ಎಂದು ವಾಪಸು ಕೊಟ್ಟರು. ನಾನು ಎಲ್ಲರ ಪುಟದಲ್ಲೂ ಸಹಿಗೆ ಒಂದು ಗೆರೆ ಹಾಕಿಸಿದೆ. ಆ ವರ್ಷದ ಮಕ್ಕಳು ಇವತ್ತಿಗೂ ಎಲ್ಲಾದರೂ ಸಿಕ್ಕರೆ, ಮೇಡಂ, ಸೈನ್ ಹಾಕ್ತೀರಾ ಎಂದು ರೇಗಿಸುತ್ತಾರೆ.

ರೆಪೊ ಬಂದ ಮೇಲೆ ನನ್ನ ಒಳ್ಳೆಯ ಕಾಲ ಶುರುವಾಯಿತು. ನಾನೇ ಒಂದು ಮಾದರಿ ಪುಟ ಮಾಡಿದೆ. ಮೇಲೆ ಹೆಸರು, ಕೆಳಗೆ ಫೋಟೊ, ತನ್ನ ಬಗ್ಗೆ ಮೂರು ಸಾಲು, ಕಲಿತದ್ದರ ಪಟ್ಟಿ. ತೀರಾ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಮಾದರಿ: ಪುಟ್ಟಲಕ್ಷ್ಮಿ’. ಮಕ್ಕಳು ಅದನ್ನು ತಮ್ಮ ಖಾತೆಗೆ ನಕಲು ಮಾಡಿಕೊಂಡು ಹೆಸರು, ಫೋಟೊ ಬದಲಾಯಿಸಿದರೆ ಸಾಕು. ನಕಲಾದಾಗಲೆಲ್ಲ ನನ್ನ ರೆಪೊದ ಪಕ್ಕದಲ್ಲಿ ಒಂದು ಅಂಕಿ ಏರುತ್ತಿತ್ತು. ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದು ದೀಪ ಹಾಕುವ ಮುಂಚೆ ನಾನು ಆ ಅಂಕಿಯನ್ನು ನೋಡುತ್ತಿದ್ದೆ.

ಮಾದರಿಯಲ್ಲಿ ನಾನು ಇನ್ನೊಂದು ಜಾಣತನ ಮಾಡಿದ್ದೆ. ಪುಟದ ಬಣ್ಣ, ಅಕ್ಷರದ ಗಾತ್ರ, ಫೋಟೊದ ಅಳತೆ, ಇವನ್ನೆಲ್ಲ ಹೇಳುವುದು ಸ್ಟೈಲ್ ಫೈಲ್ ಎಂಬ ಬೇರೆ ಫೈಲು. ಅದನ್ನು ಮಕ್ಕಳ ರೆಪೊಗೆ ಕೊಡಲಿಲ್ಲ. ನನ್ನ ರೆಪೊದಲ್ಲೇ ಇಟ್ಟುಕೊಂಡು, ಎಲ್ಲರ ಪುಟವೂ ಅಲ್ಲಿಂದಲೇ ಬಣ್ಣ ಎಳೆದುಕೊಳ್ಳುವಂತೆ ಒಂದು ಸಾಲು ಬರೆದಿಟ್ಟೆ. ತಿದ್ದುವುದಿದ್ದರೆ ಒಂದೇ ಕಡೆ ತಿದ್ದಿದರೆ ಸಾಕು ಎಂಬುದು ಹೇಳಿಕೊಳ್ಳುವ ಕಾರಣ. ನಿಜ ಹೇಳಬೇಕೆಂದರೆ, ಎಲ್ಲರ ಪುಟದ ಜುಟ್ಟು ನನ್ನ ಕೈಯಲ್ಲಿರುವುದು ನನಗೆ ಇಷ್ಟವಾಗಿತ್ತು. ಒಂದು ರಾಜ್ಯೋತ್ಸವಕ್ಕೆ ಎರಡು ಸಾಲು ತಿದ್ದಿದೆ. ಹಳೆಯ ಹೊಸ ವಿದ್ಯಾರ್ಥಿಗಳ ಪುಟಗಳೆಲ್ಲ ಒಟ್ಟಿಗೆ ತಲೆಯ ಮೇಲೆ ಅರಿಶಿನ ಕುಂಕುಮದ ಪಟ್ಟಿ ಹೊತ್ತುಕೊಂಡವು. ಪುಣೆಯಲ್ಲಿ ಕೆಲಸಕ್ಕಿದ್ದ ಒಬ್ಬ ಗಾಬರಿಯಾಗಿ ಫೋನ್ ಮಾಡಿದ್ದ. ನಾನು ದಿನವಿಡೀ ನಗುತ್ತಾ ಓಡಾಡಿದೆ.

ದಮಯಂತಿ ಬಂದದ್ದು ಆಮೇಲೆ. ಭಾಗಮಂಡಲದ ಕಡೆಯ ಅರೆಭಾಷೆ ಗೌಡರ ಹುಡುಗಿ, ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು. ಬಂದ ದಿನವೇ ನನ್ನನ್ನು ಲಕ್ಷ್ಮಕ್ಕ ಎಂದಳು. ಬೇರೆಯವರೆಲ್ಲ ಪಿ.ಎಲ್. ಮೇಡಂ ಎನ್ನುತ್ತಿದ್ದರು. ಅವಳೊಬ್ಬಳು ಅಕ್ಕ ಎಂದು ಶುರುಮಾಡಿದ ಮೇಲೆ ನನಗೆ ಇದ್ದಕ್ಕಿದ್ದಂತೆ ವಯಸ್ಸಾಯಿತು. ಅವಳಿಗೆ ಕೆಲಸ ಬರುತ್ತಿತ್ತು, ಮಾತು ಬರುತ್ತಿತ್ತು, ನಗು ಬರುತ್ತಿತ್ತು. ಕೊಡವ ಮಕ್ಕಳ ಹತ್ತಿರ ಕೊಡವ ಭಾಷೆಯಲ್ಲಿ, ಮಲೆಯಾಳಿ ಮಕ್ಕಳ ಹತ್ತಿರ ಮಲೆಯಾಳದಲ್ಲಿ ಮಾತಾಡುತ್ತಿದ್ದಳು. ನನಗೆ ಕನ್ನಡ ಬಿಟ್ಟರೆ ಕಂಪ್ಯೂಟರಿನ ಇಂಗ್ಲಿಷ್, ಅಷ್ಟೇ.

ಅವಳು ಬಂದ ವರ್ಷವೇ ಆ ಹೆಸರಿನ ಗಲಾಟೆ ಆಯಿತು. ಖಾತೆಗೆ ಹೆಸರಿಡುವುದು ಈ ಜಿಲ್ಲೆಯಲ್ಲಿ ಸುಲಭವಲ್ಲ. ಒಂದೇ ತರಗತಿಯಲ್ಲಿ ನಾಲ್ವರು ಮುತ್ತಮ್ಮ, ಮೂವರು ಬೋಪಣ್ಣ ಇರುತ್ತಾರೆ. ಒಬ್ಬರು ತೆಗೆದುಕೊಂಡ ಹೆಸರು ಇನ್ನೊಬ್ಬರಿಗೆ ಸಿಗುವುದಿಲ್ಲ. ಅದಕ್ಕೇ ನಾನು ಮೊದಲಿನಿಂದಲೂ ತರಗತಿ ಮತ್ತು ರೋಲ್ ನಂಬರ್ ಸೇರಿಸಿ ಹೆಸರಿಡಿಸುತ್ತಿದ್ದೆ. ಅಚ್ಚುಕಟ್ಟಾಗಿ ಸಾಲಾಗಿ ನಿಲ್ಲುತ್ತಿದ್ದವು. ದಮಯಂತಿ ನನ್ನ ಪಕ್ಕದಲ್ಲಿ ನಿಂತು ಅದನ್ನು ನೋಡಿದಳು.

“ರೋಲ್ ನಂಬರ್ ಎಂತಕ್ಕೆ ಲಕ್ಷ್ಮಕ್ಕ? ಕಾಲೇಜು ಬಿಟ್ಟ ಮೇಲೆ ಅದು ಯಾರಿಗೆ ಬೇಕು? ಮನೆ ಹೆಸರು ಹಾಕ್ಲಿ. ಅದು ಸಾಯುವವರೆಗೆ ಉಂಟು.”

ನಾನು ಹ್ಞೂಂ ಎನ್ನುವ ಮೊದಲೇ ಅವಳು ತರಗತಿಯತ್ತ ತಿರುಗಿ, ನಿಮ್ಮ ನಿಮ್ಮ ಮನೆ ಹೆಸರು ಹೇಳಿ ನೋಡುವ ಎಂದಳು. ಅಷ್ಟೇ ಸಾಕಾಯಿತು. ನನ್ನ ಎದುರು ಮಾತೇ ಆಡದೆ ಕೂರುತ್ತಿದ್ದ ಮಕ್ಕಳು ಎದ್ದು ನಿಂತು ಹೆಸರು ಹೇಳತೊಡಗಿದರು. ಕೊಡವರ ಮನೆತನದ ಹೆಸರುಗಳು, ಗೌಡರ ಮನೆತನದ ಹೆಸರುಗಳು. ನಮ್ಮ ಅಜ್ಜಿಯ ತವರು ನಿಮ್ಮ ಮನೆಯೇ ಎಂದು ಬೆಂಚಿನಿಂದ ಬೆಂಚಿಗೆ ನೆಂಟಸ್ತಿಕೆ ಹುಟ್ಟಿಕೊಂಡಿತು. ನನ್ನ ಲ್ಯಾಬಿನಲ್ಲಿ ಅಂಥ ಗದ್ದಲ, ಅಂಥ ಖುಷಿ ನಾನು ಕಂಡಿರಲಿಲ್ಲ. ಅದು ನನ್ನಿಂದ ಆಗಿರಲಿಲ್ಲ ಎಂಬುದು ಎದೆಗೆ ಚುಚ್ಚಿತು.

ಒಂದು ತಪ್ಪು ಮಾತ್ರ ಆಯಿತು, ಅದನ್ನು ಹಿಡಿದವಳು ನಾನು. ಕಕ್ಕಬೆಯ ಒಂದೇ ಮನೆತನದ ಅಣ್ಣತಂಗಿ, ಅಂದರೆ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ಆ ತರಗತಿಯಲ್ಲಿದ್ದರು. ಅವರ ಮನೆ ಹೆಸರು ‘ಇರ’ ಎಂದು ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಅವನ ಅಪ್ಪ ಒಂದು ಐ ಹಾಕಿ ಬರೆಯುತ್ತಿದ್ದರು, ಅವಳ ಅಪ್ಪ ಎರಡು ಇ ಹಾಕಿ. ತಂಗಿಗೆ ಖಾತೆ ಮಾಡಿಕೊಟ್ಟವನು ಅವನು, ರೆಪೊಗೆ ಹೆಸರಿಟ್ಟವಳು ಅವಳು. ಖಾತೆಯ ಹೆಸರು ಒಂದು ಬಗೆ, ರೆಪೊದ ಹೆಸರು ಇನ್ನೊಂದು ಬಗೆ. ಪುಟ ಬರಲೇ ಇಲ್ಲ. ದಮಯಂತಿ ಸೆಟ್ಟಿಂಗ್ಸ್ ಎಲ್ಲ ಜಾಲಾಡಿದಳು. ನಾನು ಹಿಂದಿನಿಂದ ಬಂದು ಅಕ್ಷರ ಎಣಿಸಿ ತೋರಿಸಿದೆ. ಅಣ್ಣತಂಗಿ ತಮ್ಮ ಮನೆಯ ಹೆಸರು ಯಾವುದು ಸರಿ ಎಂದು ಜಗಳಕ್ಕೆ ನಿಂತರು. ದಮಯಂತಿ, ಅಬ್ಬಾ ಲಕ್ಷ್ಮಕ್ಕನ ಕಣ್ಣೇ ಎಂದು ಎಲ್ಲರೆದುರು ಹೊಗಳಿದಳು. ಆ ಹೊಗಳಿಕೆಯೂ ನನಗೆ ಸೇರಲಿಲ್ಲ.

ನನ್ನ ಸಂಕಟ ಏನೆಂದರೆ, ನನಗೆ ಮನೆ ಹೆಸರಿಲ್ಲ. ನಮ್ಮ ತಾತ ಹಾಸನ ಜಿಲ್ಲೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿದವರು. ಆ ರಾತ್ರಿ ಊಟಕ್ಕೆ ಕೂತಾಗ ನಮ್ಮಣ್ಣನನ್ನು ಕೇಳಿದೆ, ನಮಗೂ ಏನಾದರೂ ಮನೆ ಹೆಸರು ಇತ್ತೇನೋ ಅಂತ. ಅವನು ಬಹಳ ಯೋಚನೆ ಮಾಡಿ, ಇದ್ದೇ ಇದೆಯಲ್ಲ ಕಣವ್ವ, ಊರವರೆಲ್ಲ ನಮ್ಮನ್ನು ಬೋರ್‌ವೆಲ್ ಪಕ್ಕದ ಮನೆಯವರು ಅಂತಾರೆ ಎಂದ. ಅದನ್ನು ಹೊತ್ತುಕೊಂಡು ಮಡಿಕೇರಿಗೆ ಹೋಗುವುದು ಹೇಗೆ?

ಮಾರನೇ ದಿನ ನಾನು ನ್ಯಾಯ ಮಾತಾಡಿದೆ. ಮನೆ ಹೆಸರಿಲ್ಲದ ಮಕ್ಕಳು ತರಗತಿಯಲ್ಲಿ ಅರ್ಧದಷ್ಟಿದ್ದಾರೆ, ಅವರ ಗತಿ ಏನು ಎಂದು ದಮಯಂತಿಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೇಳಿದೆ. ಮಾತು ಸರಿಯಾದದ್ದೇ. ಆಡಿಸಿದ್ದು ಮಾತ್ರ ಹೊಟ್ಟೆಕಿಚ್ಚು. ಅವಳು ಸುಮ್ಮನೆ ಕೇಳಿಸಿಕೊಂಡು, ಹೌದು ಅಕ್ಕ, ಅದು ನನಗೆ ಹೊಳೆಯಲಿಲ್ಲ ಎಂದಳು. ತರಗತಿಗೆ ಹೋಗಿ ಆ ಮಕ್ಕಳಿಗೆ, ನೀವು ಎಲ್ಲಿಯವರು ಅಂತ ಕೇಳಿದರೆ ಏನು ಹೇಳ್ತೀರೋ ಅದನ್ನೇ ಇಡಿ ಎಂದಳು.

ಹಾಗೆ ಹೆಸರಿಟ್ಟುಕೊಂಡವಳು ಸೆಲ್ವಿ. ಶ್ರೀಮಂಗಲದ ಕಡೆಯ ಒಂದು ಎಸ್ಟೇಟಿನಲ್ಲಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಹುಟ್ಟಿದವಳು, ಅಪ್ಪ ಅಮ್ಮ ಇಬ್ಬರೂ ಅಲ್ಲಿಯ ಕೂಲಿಗಳು. ತಮಿಳು ಮನೆಮಾತು. ಮೂರನೇ ಲೈನ್ ಎಂದು ಖಾತೆಗೆ ಹೆಸರಿಟ್ಟಳು. ನಾನು ನೋಡಿ, ಲೈನು ಗೀನು ಅಂತೆಲ್ಲ ಯಾಕಮ್ಮ ಇಡ್ತೀಯ, ಕೆಲಸ ಕೊಡೋರು ಏನಂದ್ಕೊಳ್ತಾರೆ ಎಂದೆ.

“ನಮ್ದು ಅದೇ ಮೇಡಂ. ಪೋಸ್ಟ್ ಬಂದ್ರೂ ಮೂರನೇ ಲೈನ್ ಅಂತ್ಲೇ ಬರ್ತದೆ” ಎಂದಳು.

ಇಡೀ ತರಗತಿಯಲ್ಲಿ ಅವಳದೇ ಒಳ್ಳೆಯ ಪುಟ. ಅಮ್ಮ ಕಾಫಿ ಕುಯ್ಯುವ ಬುಟ್ಟಿಯ ಫೋಟೊ ಹಾಕಿದ್ದಳು. ನನಗೆ ಆ ಹುಡುಗಿಯನ್ನು ಕಂಡರೆ ಪ್ರೀತಿ. ಅವಳೂ ಏನೇ ಸಂಶಯ ಬಂದರೂ ಮೊದಲು ನನ್ನ ಟೇಬಲ್ಲಿಗೇ ಬರುತ್ತಿದ್ದಳು. ದಮಯಂತಿಯ ಸುತ್ತ ಮಕ್ಕಳು ಮುತ್ತಿಕೊಂಡಿರುವುದರಿಂದ ಜಾಗ ಸಿಗದೆ ಬರುತ್ತಾಳೆ ಎಂದು ನಾನು ತಿಳಿದಿದ್ದೆ.

ಮುಂದಿನ ಎರಡು ವರ್ಷದಲ್ಲಿ ನನ್ನ ರೆಪೊದ ಅಂಕಿ ನಿಂತುಹೋಯಿತು. ದಮಯಂತಿ ನನ್ನ ಮಾದರಿಯನ್ನೇ ತನ್ನ ಖಾತೆಗೆ ತೆಗೆದುಕೊಂಡು, ಮನೆ ಹೆಸರಿಗೆ ಜಾಗ, ಊರಿನ ನಕ್ಷೆ, ಮನೆಯ ಹಿರಿಯರ ಮಾತಿಗೆ ಒಂದು ಅಂಕಣ, ಹೀಗೆ ಏನೇನೋ ಸೇರಿಸಿ ಚೆಂದ ಮಾಡಿದಳು. ಮಕ್ಕಳೆಲ್ಲ ಅದನ್ನೇ ನಕಲು ಮಾಡಿಕೊಂಡರು. ಹಳೆಯ ವಿದ್ಯಾರ್ಥಿಗಳೂ ತಮ್ಮ ಪುಟ ತೆಗೆದು ಅವಳದನ್ನು ಹಾಕಿಕೊಂಡರು. ಅವಳ ಅಂಕಿ ದಿನವೂ ಏರುತ್ತಿತ್ತು. ನಾನು ಬೆಳಿಗ್ಗೆ ಎರಡೂ ಅಂಕಿ ನೋಡಿ ಲ್ಯಾಬಿನ ದೀಪ ಹಾಕುತ್ತಿದ್ದೆ. ಕೊನೆಯಲ್ಲಿ ನನ್ನ ಹೆಸರಿನ ಆ ಸಣ್ಣ ಸಾಲನ್ನು ಅವಳು ತೆಗೆದಿದ್ದರೆ ಅವಳ ಮೇಲೆ ರೇಗಾಡಬಹುದಿತ್ತು. ತೆಗೆದಿರಲಿಲ್ಲ. ಬಣ್ಣ ಎಳೆದುಕೊಳ್ಳುವ ಸಾಲನ್ನೂ ಮುಟ್ಟಿರಲಿಲ್ಲ. ಅವಳ ಪುಟಗಳೆಲ್ಲ ನನ್ನ ರೆಪೊದ ಸ್ಟೈಲ್ ಫೈಲಿಗೇ ಜೋತುಬಿದ್ದಿದ್ದವು.

ಸೆಲ್ವಿ ಕೊನೆಯ ವರ್ಷದಲ್ಲಿದ್ದಾಗಿನ ಮಾತು. ಒಂದು ಬುಧವಾರ ಹನ್ನೊಂದಕ್ಕೆ ಸ್ಟಾಫ್ ಮೀಟಿಂಗ್ ಕರೆದಿದ್ದರು. ಹೊಸ ಪ್ರಿನ್ಸಿಪಾಲರು, ಮುಂದಿನ ವಾರ ಬೇರೆ ಕಾಲೇಜುಗಳವರು ನಮ್ಮ ಲ್ಯಾಬ್ ನೋಡಲು ಬರುತ್ತಾರೆ, ದಮಯಂತಿ ಮೇಡಂ ರೂಪಿಸಿದ ಮನೆ ಹೆಸರಿನ ವೆಬ್‌ಸೈಟ್ ವಿಧಾನವನ್ನು ಅವರಿಗೆ ವಿವರಿಸಬೇಕು ಎಂದರು. ದಮಯಂತಿ ಅಂದು ಪರೀಕ್ಷಾ ಕೆಲಸಕ್ಕೆ ವಿರಾಜಪೇಟೆಗೆ ಹೋಗಿದ್ದಳು. ಅವಳಿದ್ದಿದ್ದರೆ ಮಾದರಿ ಲಕ್ಷ್ಮಕ್ಕನದು ಎಂದು ಹೇಳಿರುತ್ತಿದ್ದಳು, ಅದು ನನಗೆ ಗೊತ್ತು. ಬೇರೆ ಯಾರೂ ಹೇಳಲಿಲ್ಲ. ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ, ಬಂದವರಿಗೆ ಕುರ್ಚಿ, ಕಾಫಿ ವ್ಯವಸ್ಥೆ ನೀವು ನೋಡಿಕೊಳ್ಳಿ ಎಂದರು.

ನಾನು ಲ್ಯಾಬಿಗೆ ಬಂದು ಕಂಪ್ಯೂಟರಿನ ಮುಂದೆ ಕೂತೆ. ನನ್ನ ರೆಪೊ ತೆರೆದು ಸ್ಟೈಲ್ ಫೈಲನ್ನು ಅಳಿಸಿದೆ. ಹಾಗೆ ಏನೇ ಬದಲಾಯಿಸಿದರೂ ಒಂದು ಸಾಲು ಕಾರಣ ಬರೆಯಬೇಕು, ಅದು ಹೆಸರು ಹೊತ್ತಿನ ಸಮೇತ ರೆಪೊದ ಇತಿಹಾಸದಲ್ಲಿ ಉಳಿಯುತ್ತದೆ. ‘ಬೇಡದ ಫೈಲ್ ತೆಗೆದಿದೆ’ ಎಂದು ಬರೆದೆ. ನನ್ನದನ್ನು ನಾನು ತೆಗೆದೆ, ಯಾರಪ್ಪನದೇನು ಹೋಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಎರಡು ಮೂರು ನಿಮಿಷಕ್ಕೆ ಎಲ್ಲರ ಪುಟಗಳೂ ಬತ್ತಲಾದವು. ಬಿಳಿ ಹಾಳೆ, ಕರಿ ಅಕ್ಷರ, ನೀಲಿ ಗೆರೆಗಳು. ಅಳತೆ ಹೇಳುವವರಿಲ್ಲದೆ ಫೋಟೊಗಳು ಪರದೆ ತುಂಬ ಹರಡಿಕೊಂಡವು, ಕೆಲವರ ಮೂಗು ಮಾತ್ರ ಕಾಣುತ್ತಿತ್ತು. ನಾನು ಒಂದೊಂದಾಗಿ ಇಪ್ಪತ್ತು ಪುಟ ತೆರೆದು ನೋಡಿದೆ. ನಿಮ್ಮ ಮುಂದೆ ಮುಚ್ಚಿಡುವುದೇನು, ನೋಡಿ ಸಮಾಧಾನವಾಯಿತು.

ಹನ್ನೆರಡೂವರೆಗೆ ಸೆಲ್ವಿ ಬಂದಳು. ಇಸ್ತ್ರಿ ಮಾಡಿದ ಚೂಡಿದಾರ ಹಾಕಿದ್ದಳು. ಕಕ್ಕಬೆಯ ಕಡೆ ಎರಡು ಮೂರು ಹೋಮ್‌ಸ್ಟೇ ನಡೆಸುವವರೊಬ್ಬರು ಬುಕಿಂಗ್ ಮತ್ತು ವೆಬ್‌ಸೈಟ್ ನೋಡಿಕೊಳ್ಳಲು ಒಬ್ಬರು ಬೇಕೆಂದು ಎರಡು ಗಂಟೆಗೆ ಕಾಲೇಜಿಗೇ ಬರುವವರಿದ್ದರು. ಅರ್ಜಿಯಲ್ಲಿ ಸೆಲ್ವಿ ತನ್ನ ಪುಟದ ವಿಳಾಸ ಬರೆದಿದ್ದಳು. ಆ ಕೆಲಸ ಸಿಕ್ಕಿದರೆ ಈ ವರ್ಷದಿಂದ ಅಮ್ಮನನ್ನು ಕಾಫಿ ಪಿಕ್ಕಿಂಗಿಗೆ ಕಳಿಸುವುದಿಲ್ಲ ಎಂದು ಅವಳು ವಾರದ ಹಿಂದೆ ನನ್ನ ಹತ್ತಿರವೇ ಹೇಳಿದ್ದಳು. ಇಂಟರ್‌ವ್ಯೂ ಇವತ್ತೇ ಎಂಬುದು ನನಗೆ ಅವಳ ಮುಖ ನೋಡಿದ ಮೇಲೆ ನೆನಪಾಯಿತು.

“ನನ್ ಪೇಜು ಏನೋ ಆಗಿದೆ ಮೇಡಂ. ಒಂಚೂರು ನೋಡ್ತೀರಾ?”

ಆಗ ಒಂದು ನಿಮಿಷದ ಕೆಲಸ. ಅಳಿಸಿದ್ದನ್ನು ವಾಪಸು ತರಲು ಎರಡು ಸಲ ಒತ್ತಿದರೆ ಸಾಕು. ಆದರೆ ಅವಳು ನನ್ನ ಭುಜದ ಹಿಂದೆ ನಿಂತಿದ್ದಳು. ಅವಳೆದುರು ಆ ರೆಪೊ ತೆರೆದರೆ ಅಳಿಸಿದ್ದು ಯಾರು ಎಂದು ಕಾಣುತ್ತದೆ. ನಾನು ಅವಳ ಪುಟವನ್ನು ಮೇಲೆ ಕೆಳಗೆ ಸರಿಸಿ ನೋಡಿದಂತೆ ಮಾಡಿ, ನೀನೇ ಎಲ್ಲೋ ಕೈ ಹಾಕಿ ಕೆಡಿಸಿದ್ದೀಯ, ನಿನ್ನ ತಪ್ಪು ನೀನೇ ಹುಡುಕು ಎಂದೆ.

ಅವಳು ನನ್ನ ಎದುರಿನ ಕಂಪ್ಯೂಟರಿನಲ್ಲೇ ಕೂತಳು. ಊಟಕ್ಕೆ ಹೋಗಲಿಲ್ಲ. ಒಂದು ಸಲ ತಲೆಯೆತ್ತಿ, “ಮೇಡಂ, ನಿಮ್ಮ ಸ್ಟೈಲ್ ಫೈಲ್ ಸರಿ ಇದೆ ಅಲ್ವಾ?” ಎಂದು ಕೇಳಿದಳು. ನನ್ನದೆಲ್ಲ ಸರಿಯಾಗಿದೆ ಎಂದೆ. ಅವಳು ತನ್ನ ಪುಟವನ್ನು ಮತ್ತೆ ಮತ್ತೆ ಹೊಸದಾಗಿ ತೆರೆದು ನೋಡುತ್ತಿದ್ದಳು. ಅವಳು ಹೊರಗೆ ಹೋದ ಕೂಡಲೇ ಫೈಲ್ ವಾಪಸು ಹಾಕಿಬಿಡೋಣ ಎಂದು ನಾನು ಕಾಯುತ್ತಿದ್ದೆ. ಅವಳು ಏಳಲೇ ಇಲ್ಲ. ಬೇರೆ ಮಕ್ಕಳು ಬಂದು ಅವರೂ ಪುಟ ಕೆಟ್ಟಿದೆ ಎನ್ನತೊಡಗಿದಾಗ, ನೆಟ್ ಸರಿಯಿಲ್ಲ ಹೋಗಿ ಎಂದು ಸಿಡುಕಿ ಕಳಿಸಿದೆ.

ಎರಡಕ್ಕೆ ಐದು ನಿಮಿಷವಿದ್ದಾಗ ಅವಳು ಎದ್ದು ಆಫೀಸ್ ಕೋಣೆಗೆ ಹೋದಳು. ನಾನು ಮೌಸ್ ಹಿಡಿದೆ, ಅಷ್ಟರಲ್ಲಿ ಪ್ರಿನ್ಸಿಪಾಲರು ಲ್ಯಾಬಿಗೆ ಬಂದು ಕುರ್ಚಿ ಎಣಿಸಲು ನಿಂತರು. ಅವರು ಹೋಗುವ ಹೊತ್ತಿಗೆ ಆಗುವುದೆಲ್ಲ ಆಗಿತ್ತು. ಹೋಮ್‌ಸ್ಟೇಯವರು ಸೆಲ್ವಿಯ ಎದುರೇ ಫೋನಿನಲ್ಲಿ ಪುಟ ತೆರೆದು, ಇದೇನಮ್ಮ ಅರ್ಧಂಬರ್ಧ ಕೆಲಸ ಎಂದರಂತೆ. ತಿಳಿಸುತ್ತೇವೆ ಎಂದು ಹೇಳಿ ಎದ್ದರಂತೆ. ತಿಳಿಸಲಿಲ್ಲ. ಆ ಕೆಲಸ ಬೇರೆ ಯಾರಿಗೋ ಆಯಿತು.

ದಮಯಂತಿ ಮೂರು ಗಂಟೆಗೆ ವಿರಾಜಪೇಟೆಯಿಂದ ಬಂದಳು. ಬಾಗಿಲಲ್ಲೇ ಮಕ್ಕಳು ಮುತ್ತಿಕೊಂಡರು. ಅವಳು ಒಂದು ಪುಟ ತೆರೆದಳು, ಬಣ್ಣ ಎಳೆದುಕೊಳ್ಳುವ ಆ ಸಾಲನ್ನು ನೋಡಿದಳು, ನನ್ನ ರೆಪೊ ತೆರೆದಳು. ನಾನು ನನ್ನ ಟೇಬಲ್ಲಿನಲ್ಲಿ ಹಾಜರಿ ಪುಸ್ತಕ ಬಿಡಿಸಿಕೊಂಡು ಕೂತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ಹಳೆಯ ಸ್ಟೈಲ್ ಫೈಲನ್ನು ಇತಿಹಾಸದಿಂದ ತೆಗೆದು ತನ್ನ ರೆಪೊದಲ್ಲಿ ಹಾಕಿಕೊಂಡು, ಆ ಒಂದು ಸಾಲನ್ನು ಎಲ್ಲರೂ ತಿದ್ದಿಕೊಳ್ಳಿ ಎಂದು ಹಲಗೆಯ ಮೇಲೆ ಬರೆದಳು.

“ತಪ್ಪು ನಂದೇ ಮಕ್ಕಳೇ. ಇನ್ನೊಬ್ಬರ ಫೈಲಿಗೆ ನಮ್ಮ ಪುಟ ಕಟ್ಟಿ ಕೂರಬಾರದಿತ್ತು. ಅಕ್ಕ ತನ್ನದನ್ನು ಯಾವಾಗ ಬೇಕಾದ್ರೂ ತೆಗೀಬಹುದು.”

ಅಷ್ಟೇ ಹೇಳಿದಳು. ಅಂದು ಸಂಜೆಯೂ ಅಕ್ಕ ಎಂದೇ ಕರೆದು, ಬಸ್ಸಿಗೆ ಹೊತ್ತಾಯಿತಲ್ಲ ಎಂದಳು. ಅವಳು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವಳ ಆ ದೊಡ್ಡತನದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು, ಇವತ್ತಿಗೂ ಇದೆ.

ಹೊಸಬರಿಗೆ ಇದರಿಂದ ಕಲಿಯಬೇಕಾದ್ದು ಅವಳು ಹೇಳಿದ್ದೇ. ಸ್ಟೈಲ್ ಫೈಲನ್ನು ಮಕ್ಕಳ ಸ್ವಂತ ರೆಪೊದಲ್ಲೇ ಇಡಿಸಿ. ಎಲ್ಲ ಕಡೆ ತಿದ್ದುವ ಕೆಲಸ ಹೆಚ್ಚಾದರೆ ಆಗಲಿ. ಮಕ್ಕಳ ಪುಟದ ಜುಟ್ಟು ಮೇಷ್ಟ್ರ ಕೈಯಲ್ಲಿ ಇರಬಾರದು, ಮೇಷ್ಟ್ರಿಗೂ ಕೆಟ್ಟ ದಿನಗಳು ಇರುತ್ತವೆ. ಎರಡನೆಯದು, ಮಗು ಬಂದು ಕೆಟ್ಟಿದೆ ಎಂದಾಗ ನಿನ್ನದೇ ತಪ್ಪು ಎಂದು ಬಾಯಿಗೆ ಬಂದ ಮಾತನ್ನು ಮೊದಲು ಹೇಳಬೇಡಿ. ನಮ್ಮ ಕಡೆಯದನ್ನು ನೋಡಿ ಆಮೇಲೆ ಹೇಳಿ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೋದ ವರ್ಷ ಪೆನ್ಷನ್ ಕಾಗದದ ಕೆಲಸಕ್ಕೆ ಮಡಿಕೇರಿಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಸೆಲ್ವಿ ಸಿಕ್ಕಿದಳು. ಅವಳೇ ಗುರುತು ಹಿಡಿದು ಬಂದು ಕೈಯಲ್ಲಿದ್ದ ಚೀಲ ಇಸಿದುಕೊಂಡಳು. ಕಾಲೇಜು ಮುಗಿದ ಮೇಲೆ ಎರಡು ವರ್ಷ ಅಮ್ಮನ ಜೊತೆ ತಾನೂ ಪಿಕ್ಕಿಂಗಿಗೆ ಹೋದಳಂತೆ. ಈಗ ಗೋಣಿಕೊಪ್ಪದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಾಳೆ. ಅಮ್ಮನಿಗೆ ಸೊಂಟ ಹಿಡಿದಿದೆಯಂತೆ, ಆದರೂ ಎಸ್ಟೇಟ್ ಬಿಡುವುದಿಲ್ಲವಂತೆ. ಆ ಎರಡು ವರ್ಷ ಎಂಬ ಮಾತು ಕೇಳಿ ನಾನು ಬೆಂಚಿನ ಮೇಲೆ ಕೂತು, ಅವತ್ತು ಆ ಫೈಲ್ ಅಳಿಸಿದ್ದು ನಾನು ಕಣಮ್ಮ ಎಂದೆ.

“ಗೊತ್ತು ಮೇಡಂ” ಎಂದಳು. “ಅವತ್ತೇ ನೋಡಿದ್ದೆ. ಹಿಸ್ಟರಿಲಿ ನಿಮ್ ಹೆಸರು, ಟೈಮು ಎಲ್ಲಾ ಇತ್ತಲ್ಲ.”

ಗೊತ್ತಿದ್ದೂ ಒಂದೂವರೆ ಗಂಟೆ ನನ್ನ ಎದುರು ಏನು ಹುಡುಕುತ್ತ ಕೂತಿದ್ದೆ, ಹಳೆಯದನ್ನು ನೀನೇ ತೆಗೆದು ಹಾಕಿಕೊಳ್ಳಬಹುದಿತ್ತಲ್ಲ, ಅದು ಮಾಡಲು ಬರದಿದ್ದರೆ ದಮಯಂತಿಗೆ ಒಂದು ಫೋನ್ ಮಾಡಬಹುದಿತ್ತಲ್ಲ ಎಂದು ಕೇಳಿದೆ. ಆ ಹೊತ್ತಿನಲ್ಲೂ ನನ್ನ ಬಾಯಿಗೆ ಅವಳ ಹೆಸರೇ ಬಂತು ನೋಡಿ.

“ಅವರಿಗ್ಯಾಕೆ ಮೇಡಂ? ನೀವು ಎದುರಲ್ಲೇ ಇದ್ರಲ್ಲ. ನೀವು ತೆಗೆದ್ರೆ ಏನೋ ಸರಿ ಮಾಡ್ಲಿಕ್ಕೆ ತೆಗ್ದಿರ್ತೀರ ಅಂದ್ಕೊಂಡೆ. ಈಗ ವಾಪಸ್ ಹಾಕ್ತೀರ, ಈಗ ಹಾಕ್ತೀರ ಅಂತ ನೋಡ್ತಾ ಕೂತಿದ್ದೆ.”

ಅವಳ ಬಸ್ಸು ಬಂತು. ಚೀಲವನ್ನು ನನ್ನ ಪಕ್ಕದಲ್ಲಿ ಇಟ್ಟು, ಹುಷಾರು ಮೇಡಂ ಎಂದು ಹೇಳಿ ಹತ್ತಿದಳು. ಕಿಟಕಿಯಿಂದ ಕೈ ಬೀಸಿದಳು. ನಾನು ಬೀಸಿದೆನೋ ಇಲ್ಲವೋ ನೆನಪಿಲ್ಲ.

ದಮಯಂತಿಗೆ ಸಿಕ್ಕಿದ್ದೆಲ್ಲ ನನಗೆ ಸಿಗಲಿಲ್ಲ ಎಂದು ಅಷ್ಟು ವರ್ಷ ಹೊಟ್ಟೆ ಉರಿದುಕೊಂಡೆ. ಆ ಮಧ್ಯಾಹ್ನ ಒಂದು ಮಗು ಅವಳನ್ನು ಬಿಟ್ಟು ನನ್ನನ್ನೇ ನಂಬಿ ಊಟ ಬಿಟ್ಟು ಕಾದಿತ್ತು. ನಾನು ಅದರ ಎದುರೇ ಕೂತು, ಅದು ಯಾವಾಗ ಎದ್ದು ಹೋಗುತ್ತದೆ ಎಂದು ಕಾಯುತ್ತಿದ್ದೆ.